ಅಟ್ಟಕ್ಕೇರುವ ಮುನ್ನ ಅರ್ಧ ಗಂಟೆ

ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ಸಾಗರ, ತೀರ್ಥಹಳ್ಳಿ, ಶಿರಸಿ, ಪುತ್ತೂರು, ಸುಳ್ಯ ಹೀಗೆ ಅಡಿಕೆ ಸೀಮೆಯ ಯಾವ ಪೇಟೆಗೆ ಹೋದರೂ ಸಣ್ಣ ಎಂಜಿನ್ ರಿಪೇರಿ ಅಂಗಡಿಗಳ ಎದುರು ಯಂತ್ರಗಳು ಸಾಲುಗಟ್ಟಿರುತ್ತವೆ. ಹುಲ್ಲು ಹೊಡೆಯುವ ವೀಡ್ ಕಟ್ಟರ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಚೈನ್ ಸಾ, ಗುಂಡಿ ತೋಡುವ ಆಗರ್, ಕರೆಂಟು ಕೈಕೊಟ್ಟಾಗಷ್ಟೇ ನೆನಪಾಗುವ ಪುಟ್ಟ ಜನರೇಟರ್. ಒಂದೊಂದರ ಹಿಡಿಕೆಗೂ ಊರು, ಹೆಸರು ಬರೆದ ರಟ್ಟಿನ ಚೂರು ಕಟ್ಟಿರುತ್ತದೆ. ದೂರು ಮಾತ್ರ ಎಲ್ಲರದ್ದೂ ಒಂದೇ: ‘ಇಡುವಾಗ ಸರಿಯಾಗೇ ಇತ್ತು, ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗ್ತಾ ಇಲ್ಲ.’

ಇಡುವಾಗ ಸರಿಯಾಗಿತ್ತು ಎಂಬುದು ಸುಳ್ಳಲ್ಲ. ಕೆಟ್ಟಿದ್ದು ಇಟ್ಟ ಮೇಲೆ. ನಾನು ಕಂಡ ಮಟ್ಟಿಗೆ ಈ ಪುಟ್ಟ ಎಂಜಿನ್‌ಗಳು ದುಡಿದು ಹಾಳಾಗುವುದಕ್ಕಿಂತ ಸುಮ್ಮನೆ ಕುಳಿತು ಹಾಳಾಗುವುದೇ ಹೆಚ್ಚು. ವರ್ಷಕ್ಕೆ ಎರಡು–ಮೂರು ತಿಂಗಳು ಮೈಮುರಿದು ದುಡಿಯುವ ಯಂತ್ರ ಉಳಿದ ತಿಂಗಳೆಲ್ಲ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇರುತ್ತದೆ. ದುಡಿಯುವಾಗ ಅದರ ಮೇಲೆ ಹತ್ತು ಕಣ್ಣು. ಕೆಲಸ ಮುಗಿದ ಸಂಜೆ ಒಂದು ಕಣ್ಣೂ ಇರುವುದಿಲ್ಲ.

ರಿಪೇರಿ ಅಂಗಡಿಯಲ್ಲಿ ಒಂದು ವೀಡ್ ಕಟ್ಟರ್ ಬಿಚ್ಚುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ಮೆಕ್ಯಾನಿಕ್ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾನೆ. ಹೊಸ ಪೆಟ್ರೋಲಿನ ಘಾಟು ಇರುವುದಿಲ್ಲ, ಹಳೆಯ ವಾರ್ನಿಷ್ ಡಬ್ಬಿಯ ಹುಳಿ ವಾಸನೆ ಬರುತ್ತದೆ. ‘ಎಂತ ಮಾರಾಯ್ರೆ, ಪೆಟ್ರೋಲ್ ಹಾಗೇ ಬಿಟ್ಟಿದ್ರಾ?’ ಎಂದು ಕೇಳುತ್ತಾನೆ, ಉತ್ತರಕ್ಕೆ ಕಾಯುವುದಿಲ್ಲ. ಏರ್ ಫಿಲ್ಟರಿನ ಹಿಂದೆ ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಕಾರ್ಬೊರೇಟರ್. ಅದರ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ತೆಳ್ಳಗಿನ ರಬ್ಬರಿನ ಪೊರೆ, ಡಯಾಫ್ರಮ್. ಬೆರಳಿಂದ ಒತ್ತಿದರೆ ಮೆತ್ತಗೆ ಬಾಗಿ ಮೇಲೇಳಬೇಕಾದ ಅದು ಒಣಗಿದ ಬಾಳೆಪಟ್ಟೆಯಂತೆ ಗಡುಸಾಗಿ, ಅಂಚಿನಲ್ಲಿ ಮುದುರಿರುತ್ತದೆ. ಅದರಡಿ ಇರುವ ಜೆಟ್‌ನ ತೂತು ಅರ್ಧ ಮಿಲಿಮೀಟರಿನ ಆಸುಪಾಸು. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಕಂದು–ಹಳದಿ ಅಂಟು ಕೂತು ಮುಚ್ಚಿಹೋಗಿರುತ್ತದೆ. ಎಂಜಿನ್ ಕೇಳುವ ಪೆಟ್ರೋಲೆಲ್ಲ ಹೋಗಬೇಕಾದ ದಾರಿ ಅದೊಂದೇ. ಅದು ಕಟ್ಟಿದ ಮೇಲೆ ಭುಜ ಕಳಚುವಷ್ಟು ಹಗ್ಗ ಎಳೆದರೂ ಏನೂ ಆಗದು.

ಪೆಟ್ರೋಲ್ ಒಂದು ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ. ಅವುಗಳಲ್ಲಿ ಹಗುರವಾದವು ಮೊದಲು ಆರಿಹೋಗುತ್ತವೆ. ತಣ್ಣಗಿರುವ ಎಂಜಿನ್‌ನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳುವುದು ಈ ಹಗುರವಾದವುಗಳೇ. ಅವು ಹೋದ ಮೇಲೆ ಉಳಿಯುವುದು ಹೊತ್ತಿಕೊಳ್ಳಲು ಮೊಂಡು ಹಿಡಿಯುವ ಭಾಗ. ಅದೂ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಅಂಟಾಗುತ್ತದೆ. ಟ್ಯಾಂಕಿನಲ್ಲಿ ಲೀಟರುಗಟ್ಟಲೆ ಇದ್ದರೆ ಈ ಬದಲಾವಣೆ ತಡ. ಕಾರ್ಬೊರೇಟರಿನೊಳಗೆ ಉಳಿಯುವ ನಾಲ್ಕು ಹನಿಗೆ ಹೆಚ್ಚು ದಿನ ಬೇಡ. ಟೂ ಸ್ಟ್ರೋಕ್ ಯಂತ್ರಗಳ ಕೈಪಿಡಿಗಳು ಆಯಿಲ್ ಬೆರೆಸಿದ ಪೆಟ್ರೋಲನ್ನು 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎನ್ನುವುದು ಇದೇ ಕಾರಣಕ್ಕೆ.

ಇದೆಲ್ಲ ಹಳೆಯ ಕತೆ. ಈಚಿನ ಕೆಲವು ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ತಂದು, 2025ರಲ್ಲೇ ದೇಶ ಆ ಪ್ರಮಾಣವನ್ನು ಮುಟ್ಟಿತು. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆಯುವ ಎಥೆನಾಲ್‌ನಿಂದ ಕಬ್ಬು ಬೆಳೆಯುವವರಿಗೆ ಮತ್ತೊಂದು ಮಾರುಕಟ್ಟೆ ಸಿಕ್ಕಿದೆ, ಹೊರದೇಶದ ಕಚ್ಚಾ ತೈಲದ ಖರ್ಚು ಒಂದಿಷ್ಟು ಇಳಿಯುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇದರ ಚರ್ಚೆಯೆಲ್ಲ ಕಾರು, ಬೈಕುಗಳ ಮೈಲೇಜಿನ ಸುತ್ತಲೇ ನಡೆಯಿತು. ಅದೇ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದು ತೋಟದ ಯಂತ್ರಕ್ಕೆ ಹಾಕುವವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ನಮ್ಮ ಮನೆಗಳಲ್ಲಿರುವ ಬಹಳಷ್ಟು ಸಣ್ಣ ಎಂಜಿನ್‌ಗಳ ಕೈಪಿಡಿ ತೆರೆದರೆ ಎಥೆನಾಲ್ ಶೇ 10 ಮೀರಬಾರದು ಎಂಬ ಸಾಲು ಸಿಗುತ್ತದೆ.

ಎಥೆನಾಲ್ ಮಾಡುವ ತೊಂದರೆ ಎರಡು ಬಗೆಯದು. ಮೊದಲನೆಯದು ಯಂತ್ರ ಓಡುವಾಗ. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ ಬೇಕಾಗುವ ಗಾಳಿ ಕಡಿಮೆ. ಹೊಸ ಬೈಕಿನ ಫ್ಯೂಯೆಲ್ ಇಂಜೆಕ್ಷನ್ ಹೊಗೆಯನ್ನು ಅಳೆದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ವೀಡ್ ಕಟ್ಟರಿನ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಕಾರ್ಖಾನೆಯಲ್ಲಿ ಕೊರೆದ ತೂತಿನಲ್ಲಿ ಬಂದಷ್ಟೇ ಬಂತು. ಹಾಗಾಗಿ ಪೆಟ್ರೋಲ್ ಸಾಲದೆ, ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ.

ಎರಡನೆಯದು ಇಟ್ಟಾಗಿನದು, ಮಲೆನಾಡಿಗೂ ಕರಾವಳಿಗೂ ಇದೇ ಮುಖ್ಯ. ಎಥೆನಾಲ್‌ಗೆ ನೀರೆಂದರೆ ಪ್ರೀತಿ, ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ಜುಲೈ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವಲ್ಲಿ, ಗಾಳಿಯಾಡುವ ಮುಚ್ಚಳದ ಅರ್ಧ ಖಾಲಿ ಟ್ಯಾಂಕಿನಲ್ಲಿ ಏನಾದೀತು ಯೋಚಿಸಿ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಕರಗಿಕೊಂಡಿರುತ್ತದೆ. ಎಥೆನಾಲ್ ಹೆಚ್ಚಿದ್ದಷ್ಟೂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇರುತ್ತದೆ ಎಂಬುದನ್ನು ಹೇಳಬೇಕು. ಆದರೆ ಹಿಡಿತ ಮೀರಿದ ದಿನ, ಬಹುತೇಕ ಚಳಿ ಬಿದ್ದ ರಾತ್ರಿ, ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಟ್ಯಾಂಕಿನಿಂದ ಪೆಟ್ರೋಲ್ ಹೀರುವ ನಳಿಕೆಯ ಬಾಯಿ ಇರುವುದೂ ತಳದಲ್ಲೇ. ಟೂ ಸ್ಟ್ರೋಕ್ ಯಂತ್ರವಾದರೆ ಇದು ಇನ್ನೂ ಅಪಾಯ, ಏಕೆಂದರೆ ಅದರ ಪಿಸ್ಟನ್ನಿಗೆ ಜಾರಿಕೆ ಕೊಡುವ ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ. ತಳದ ನೀರು ಹೀರಿ ಹೇಗೋ ಓಡಿದ ಎಂಜಿನ್ ಆಯಿಲ್ ಇಲ್ಲದೆ ಓಡಿದ ಹಾಗೆ. ಅನುಮಾನ ಇದ್ದರೆ ಒಂದು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ಮೇಲೆ–ಕೆಳಗೆ ಎರಡು ಪದರ ಕಂಡರೆ, ಅಥವಾ ಹಾಲು ಬೆರೆಸಿದ ಹಾಗೆ ಮಬ್ಬಾಗಿದ್ದರೆ, ಅದನ್ನು ಯಂತ್ರಕ್ಕೆ ಹಾಕಬೇಡಿ.

ಸ್ವೀಡನ್ನಿನಂಥ ದೇಶಗಳಲ್ಲಿ ಚೈನ್ ಸಾ, ಹುಲ್ಲು ಕತ್ತರಿಸುವ ಯಂತ್ರಗಳಿಗೆಂದೇ ಎಥೆನಾಲ್ ಇಲ್ಲದ, ವರ್ಷಗಟ್ಟಲೆ ಕೆಡದ ಆಲ್ಕಿಲೇಟ್ ಪೆಟ್ರೋಲ್ 1980ರ ದಶಕದ ಕೊನೆಯಿಂದಲೇ ಡಬ್ಬಿಗಳಲ್ಲಿ ಸಿಗುತ್ತಿದೆ. ನಮ್ಮ ಪೇಟೆಗಳ ಅಂಗಡಿಯಲ್ಲಿ ಅದನ್ನು ಕೇಳಿದರೆ ಮುಖ ನೋಡುತ್ತಾರೆ. ಆದ್ದರಿಂದ ನಮಗಿರುವ ದಾರಿ ಒಂದೇ: ಇಡುವ ಮುನ್ನ ಖಾಲಿ ಮಾಡುವುದು.

ಖಾಲಿ ಮಾಡುವುದೆಂದರೆ ಟ್ಯಾಂಕ್ ಬೋರಲು ಹಾಕುವುದಷ್ಟೇ ಅಲ್ಲ. ಎಂಜಿನ್ ತಣ್ಣಗಾದ ಮೇಲೆ, ಅಂಗಳದಲ್ಲಿ, ಬೀಡಿ–ಬೆಂಕಿ ಇಲ್ಲದ ಕಡೆ ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಬಗ್ಗಿಸಬೇಕು. ವೀಡ್ ಕಟ್ಟರಾದರೆ ಆಮೇಲೆ ಪ್ರೈಮರ್ ಬಲ್ಬನ್ನು ಏಳೆಂಟು ಸಲ ಒತ್ತಿ, ನಳಿಕೆಯಲ್ಲಿ ಉಳಿದದ್ದೂ ಟ್ಯಾಂಕಿಗೆ ಮರಳಿದ ಮೇಲೆ ಇನ್ನೊಮ್ಮೆ ಬಗ್ಗಿಸಿ, ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ ನಿಧಾನದಲ್ಲಿ ಓಡಲು ಬಿಡಬೇಕು. ಅದು ಕೆಮ್ಮಿ ತಾನಾಗಿ ನಿಲ್ಲುತ್ತದೆ. ಚೋಕ್ ಹಾಕಿ ಮತ್ತೆ ಎಳೆದರೆ ಕೆಲವು ಕ್ಷಣ ಓಡಿ ಮತ್ತೆ ನಿಲ್ಲುತ್ತದೆ. ಇನ್ನು ಹತ್ತಿಕೊಳ್ಳುವುದೇ ಇಲ್ಲ ಎಂದಾಗ ಕಾರ್ಬೊರೇಟರ್ ಒಣಗಿದೆ ಎಂದರ್ಥ. ‘ಪೂರ್ತಿ ಒಣಗಿಸಿದರೆ ಡಯಾಫ್ರಮ್ ಗಡುಸಾಗುತ್ತದೆ, ಸ್ವಲ್ಪ ಪೆಟ್ರೋಲ್ ಇರಲಿ’ ಎಂದು ವಾದಿಸುವವರು ನಮ್ಮಲ್ಲಿ ಇದ್ದಾರೆ. ಎಥೆನಾಲ್ ಇಲ್ಲದ ಕಾಲದಲ್ಲಿ ಆ ಮಾತಿಗೆ ಒಂದಿಷ್ಟು ತೂಕ ಇದ್ದಿರಬಹುದು. ಈಗಿನ ಪೆಟ್ರೋಲಿಗೆ ನಾನು ಅದನ್ನು ಒಪ್ಪಲಾರೆ. ಡಯಾಫ್ರಮ್ ಹೋದರೆ ಹೊಸದು ಹಾಕಬಹುದು, ಒಳಗಿನ ಸಣ್ಣ ದಾರಿಗಳಲ್ಲಿ ಅಂಟು ಕೂತರೆ ಇಡೀ ಕಾರ್ಬೊರೇಟರ್ ಬದಲಿಸಬೇಕಾಗುತ್ತದೆ. ಯಂತ್ರ ತಯಾರಿಸುವ ಕಂಪನಿಗಳ ಕೈಪಿಡಿಗಳೂ ದೀರ್ಘಕಾಲ ಇಡುವಾಗ ಒಣಗಿಸಿ ಇಡಿ ಎಂದೇ ಹೇಳುತ್ತವೆ.

ಪಂಪು, ಜನರೇಟರ್‌ಗಳ ಕಾರ್ಬೊರೇಟರ್ ಬೇರೆ ಜಾತಿ. ಅದರ ಕೆಳಗೆ ಬಟ್ಟಲಿನಂಥ ಭಾಗವಿದ್ದು, ಅದರ ತಳದಲ್ಲೊಂದು ಸ್ಕ್ರೂ ಇರುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಆ ಸ್ಕ್ರೂ ಸಡಿಲಿಸಿದರೆ ಉಳಿದದ್ದೆಲ್ಲ ಹೊರಬರುತ್ತದೆ. ಅದನ್ನು ಚಿಕ್ಕ ಡಬ್ಬಿಯಲ್ಲಿ ಹಿಡಿದು ನೋಡಿ, ತಳದಲ್ಲಿ ನೀರಿನ ಗುಳ್ಳೆ, ತುಕ್ಕಿನ ಹುಡಿ ಕಂಡರೆ ಟ್ಯಾಂಕನ್ನೂ ತೊಳೆಯುವ ಕಾಲ ಬಂದಿದೆ ಎಂದು ತಿಳಿಯಬಹುದು.

ಬಗ್ಗಿಸಿದ ಪೆಟ್ರೋಲನ್ನು ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಫೋರ್ ಸ್ಟ್ರೋಕ್ ಯಂತ್ರದ್ದಾಗಿ, ತಿಂಗಳೊಳಗಿನದ್ದಾಗಿ, ಶುದ್ಧವಾಗಿದ್ದರೆ ಬೈಕಿಗೆ ಹಾಕಿ ಮುಗಿಸಬಹುದು. ಟೂ ಟಿ ಆಯಿಲ್ ಬೆರೆಸಿದ್ದು ಬೈಕಿಗೆ ಬೇಡ. ಅದನ್ನು ಬೇಕಾದಷ್ಟೇ ಬೆರೆಸಿಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ. ಕೆಟ್ಟ ಪೆಟ್ರೋಲನ್ನು ತೋಟದ ಕಾಲುವೆಗೆ ಚೆಲ್ಲುವುದು, ಒದ್ದೆ ಸೌದೆಗೆ ಸುರಿದು ಒಲೆ ಹೊತ್ತಿಸುವುದು ಎರಡನ್ನೂ ಕಂಡಿದ್ದೇನೆ. ಮೊದಲನೆಯದು ಬಾವಿಯ ನೀರನ್ನು ಕೆಡಿಸುತ್ತದೆ. ಎರಡನೆಯದು ಮುಖ, ಕೈ ಸುಟ್ಟುಕೊಳ್ಳುವ ನೇರ ದಾರಿ.

ಇನ್ನು ಎಂಜಿನ್ನಿನ ಒಳಗು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಶುದ್ಧ ಎಂಜಿನ್ ಆಯಿಲ್ ಬಿಡಬೇಕು. ಪಂಪಿನ ಎಂಜಿನ್ನಿಗೆ ಒಂದು ಟೀ ಚಮಚೆ, ವೀಡ್ ಕಟ್ಟರಿಗೆ ಕೆಲವೇ ಹನಿ. ಸ್ವಿಚ್ ಆಫ್ ಇಟ್ಟು, ಮುಖ ಆಚೆ ಮಾಡಿ, ಹಗ್ಗವನ್ನು ಎರಡು–ಮೂರು ಸಲ ನಿಧಾನಕ್ಕೆ ಎಳೆದರೆ ಆಯಿಲ್ ಸಿಲಿಂಡರಿನ ಗೋಡೆಗೆಲ್ಲ ಹರಡುತ್ತದೆ. ಪ್ಲಗ್ ಹಾಕಿದ ಮೇಲೆ ಹಗ್ಗವನ್ನು ಮತ್ತೆ ಮೆಲ್ಲಗೆ ಎಳೆದು, ಬಿಗಿ ಸಿಕ್ಕಿದಲ್ಲಿ ನಿಲ್ಲಿಸಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ಮಳೆಗಾಲದ ಹಸಿ ಗಾಳಿ ಒಳಗೆ ನುಗ್ಗದು. ಫೋರ್ ಸ್ಟ್ರೋಕ್ ಆದರೆ ಎಂಜಿನ್ ಆಯಿಲನ್ನೂ ಆಗಲೇ ಬದಲಿಸಿಬಿಡುವುದು ಒಳ್ಳೆಯದು. 35 ಸಿ.ಸಿ.ಯ ವೀಡ್ ಕಟ್ಟರಿಗೆ ಹಿಡಿಯುವುದು ಸುಮಾರು 100 ಮಿಲಿಲೀಟರ್ ಅಷ್ಟೇ. ‘ಹೇಗೂ ಕೆಲಸವಿಲ್ಲ, ಹೊಸ ಆಯಿಲ್ ಯಾಕೆ ದಂಡ’ ಎಂದು ಹಳೆಯದನ್ನೇ ಬಿಟ್ಟರೆ, ಅದರಲ್ಲಿ ಕೂಡಿಕೊಂಡ ಆಮ್ಲ, ತೇವ ಆರು ತಿಂಗಳು ಬೇರಿಂಗನ್ನು ತಿನ್ನುತ್ತ ಇರುತ್ತದೆ.

ಹೊರಮೈ ಒರೆಸುವುದರ ಬಗ್ಗೆ ಒಂದು ಮಾತು. ಆಯುಧ ಪೂಜೆ ನಮ್ಮಲ್ಲಿ ಯಂತ್ರಗಳಿಗೆ ಸಿಗುವ ಸ್ನಾನದ ದಿನ. ಔಷಧಿ ಹೊಡೆಯುವ ಕೆಲಸ ಮುಗಿದು ಪಂಪು ಅಟ್ಟಕ್ಕೇರುವುದೂ ಅದೇ ಹೊತ್ತಿಗೆ, ಹಾಗಾಗಿ ಇಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಆದರೆ ಬೈಕು ತೊಳೆದ ಪೈಪನ್ನೇ ವೀಡ್ ಕಟ್ಟರಿನ ಕಡೆಗೂ ತಿರುಗಿಸುತ್ತಾರೆ. ನೀರು ಏರ್ ಫಿಲ್ಟರಿಗೂ ಸೈಲೆನ್ಸರಿಗೂ ನುಗ್ಗುತ್ತದೆ, ಮೇಲೆ ಅರಿಶಿನ–ಕುಂಕುಮ, ಹೂವಿನ ಹಾರ. ಬ್ರಷ್, ಒಣಬಟ್ಟೆ ಸಾಕು. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಹುಡಿ ಆಯಿಲ್ ಜೊತೆ ಸೇರಿ ಗಟ್ಟಿ ಹೆಪ್ಪಾಗಿರುತ್ತದೆ. ಎಂಜಿನ್ ತಣ್ಣಗಾಗುವುದು ಆ ರೆಕ್ಕೆಗಳಿಂದ, ಅದನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕು. ಏರ್ ಫಿಲ್ಟರ್ ಸ್ಪಂಜಿನದಾದರೆ ಸಾಬೂನು ನೀರಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಾಕಿ ಹಿಸುಕಿ ಕೂರಿಸಿ. ಕಾಗದದ ಫಿಲ್ಟರಿಗೆ ನೀರು ಮುಟ್ಟಿಸಬೇಡಿ.

ಔಷಧಿ ಪಂಪಿನ ಕತೆ ಬೇರೆಯೇ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ್ದರು. ಅವರ ಕಾಲದಿಂದ ಇಂದಿನವರೆಗೆ ಮಲೆನಾಡು, ಕರಾವಳಿಯ ತೋಟಗಳು ನೆಚ್ಚಿಕೊಂಡಿರುವುದು ಬೋರ್ಡೋ ದ್ರಾವಣವನ್ನೇ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣ ಗಟ್ಟಿಯಾಗಿ ವಾಲ್ವು, ನಾಜಲ್‌ಗಳಲ್ಲಿ ಕೂರುತ್ತದೆ. ಮುಂಚೆ ಕೊನೆಗಾರರು ಮರದ ತುದಿಯಲ್ಲಿ ಕುಳಿತು ಹೊಡೆಯುತ್ತಿದ್ದುದನ್ನು ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಹೊಡೆಯುವುದು ಬಂದಿದೆ, ಪಂಪಿನ ಮೇಲಿನ ಒತ್ತಡ ಮಾತ್ರ ಹಾಗೇ ಇದೆ. ಕೊನೆಯ ಡ್ರಮ್ ಖಾಲಿಯಾದ ಮೇಲೆ ಬರೀ ನೀರನ್ನು ಪಂಪು, ಪೈಪು, ಗನ್ ಎಲ್ಲದರಲ್ಲೂ ನೀಲಿ ಬಣ್ಣ ಪೂರ್ತಿ ಹೋಗುವ ತನಕ ಓಡಿಸಬೇಕು. ಇದನ್ನು ಸಂಜೆಯೇ ಮಾಡಬೇಕು. ‘ನಾಳೆ ತೊಳೆಯೋಣ’ ಎಂದರೆ ಬೆಳಿಗ್ಗೆಗೆ ಸುಣ್ಣ ಕಲ್ಲಾಗಿರುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆಯ ಎಂಜಿನ್‌ಗಳು ಈಗಲೂ ಕೆಲವು ಮನೆಗಳಲ್ಲಿವೆ. ಅವನ್ನು ನಿಲ್ಲಿಸುವ ಮುನ್ನ ಕಾಕ್ ಪೆಟ್ರೋಲಿಗೆ ತಿರುಗಿಸಿ ಒಂದೆರಡು ನಿಮಿಷ ಓಡಿಸದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮತ್ತೆ ತಣ್ಣಗೆ ಸ್ಟಾರ್ಟ್ ಆಗುವುದೇ ಇಲ್ಲ.

ಎಲ್ಲಿ ಇಡಬೇಕು? ಇದನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲಿನ ಹಂಡೆ ಒಲೆ, ಪಕ್ಕದಲ್ಲೇ ಸೌದೆ ಕೊಟ್ಟಿಗೆ. ಯಂತ್ರವೂ ಪೆಟ್ರೋಲ್ ಕ್ಯಾನೂ ಅದೇ ಸೌದೆ ಕೊಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಹಂಡೆಯ ಒಲೆ ದಿನವಿಡೀ ಆರುವುದೇ ಇಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ, ಮೇಲೆ ಹೋಗದೆ ನೆಲದುದ್ದಕ್ಕೂ ಹರಿಯುತ್ತದೆ. ಬಾಗಿಲ ಸಂದಿಯಲ್ಲಿ ನುಸುಳಿ ಒಲೆಯ ಬಾಯಿ ಸೇರಲು ಅದಕ್ಕೆ ಯಾರ ಸಹಾಯವೂ ಬೇಡ. ಖಾಲಿ ಟ್ಯಾಂಕಿನ ಬಗ್ಗೆ ಜನ ನಿಶ್ಚಿಂತರಾಗಿರುತ್ತಾರೆ, ಅದು ತಪ್ಪು. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇ 1.4ರಿಂದ 7.6ರವರೆಗೆ ಇದ್ದಾಗಲೇ ಅದು ಸಿಡಿಯುವುದು. ತುಂಬಿದ ಟ್ಯಾಂಕಿನ ಒಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ, ಆಗಷ್ಟೇ ಬರಿದಾದ ಟ್ಯಾಂಕಿನೊಳಗೆ ಈ ಹದ ಒದಗಿಬರಬಹುದು. ಆದ್ದರಿಂದ ಬರಿದು ಮಾಡಿದ ಮೇಲೆ ಮುಚ್ಚಳ ತೆರೆದು ಹೊರಗಾಳಿಯಲ್ಲಿ ಕೆಲವು ಗಂಟೆ ಬಿಟ್ಟು, ನಂತರವೇ ಒಳಗೆ ಒಯ್ಯಬೇಕು. ಬಚ್ಚಲು, ಅಡುಗೆಮನೆ, ದೇವರ ದೀಪ ಇರುವ ಜಗುಲಿ ಇವುಗಳಿಂದ ದೂರ, ಗೋಡೆ ಬೇರೆಯಾಗಿರುವ ಜಾಗದಲ್ಲಿ.

ಕಾನೂನಿಗೂ ಇದರ ಬಗ್ಗೆ ಹೇಳುವುದಿದೆ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು, ಸಾಗಿಸಬಹುದು. ಆದರೆ ಬಿಗಿ ಮುಚ್ಚಳದ ಪಾತ್ರೆಯಲ್ಲಿರಬೇಕು, ಪಾತ್ರೆ ಗಾಜಿನದೋ ಪಿಂಗಾಣಿಯದೋ ಆದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ನಮ್ಮೂರಿನ ತೋಟಗಳಿಗೆ ಪೆಟ್ರೋಲ್ ಬರುವುದೋ ಖಾದ್ಯತೈಲದ ಹಳೆಯ ಕ್ಯಾನಿನಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ, ಕುಡಿಯುವ ಬಾಟಲಿಯಲ್ಲಿ ಪೆಟ್ರೋಲ್ ಇಡುವ ಮನೆಯನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ. ಒಂದು ಒಳ್ಳೆಯ ಲೋಹದ ಜೆರ್ರಿಕ್ಯಾನಿಗೆ ಖರ್ಚು ಮಾಡಿ. ಅದರ ಮೇಲೆ ತಂದ ತಾರೀಖು, ಆಯಿಲ್ ಬೆರೆಸಿದ್ದರೆ 50:1 ಅಥವಾ 25:1 ಎಂಬ ಅಳತೆ ಬರೆದಿಡಿ.

ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಇಡುವುದು ಕ್ಷೇಮ ಎಂದು ತೋರುತ್ತದೆ, ಆದರೆ ಒಳಗೆ ಬೆವರು ಕಟ್ಟಿ ತುಕ್ಕು ಬೇಗ ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆ, ಗೋಣಿ ಸಾಕು. ಇಲಿ ಸ್ಟಾರ್ಟರಿನ ಮುಚ್ಚಳದೊಳಗೆ ಗೂಡು ಮಾಡುತ್ತದೆ, ಮಣ್ಣಿನ ಗೂಡು ಕಟ್ಟುವ ಕಣಜ ಸೈಲೆನ್ಸರಿನ ತೂತನ್ನು ಅಚ್ಚುಕಟ್ಟಾಗಿ ಮೆತ್ತಿ ಮುಚ್ಚಿಬಿಡುತ್ತದೆ. ಕಾರ್ಬೊರೇಟರ್, ಪ್ಲಗ್ ಎಲ್ಲ ಸರಿಯಿದ್ದೂ ಸ್ಟಾರ್ಟ್ ಆಗದ ಯಂತ್ರದ ಸೈಲೆನ್ಸರ್ ಬಿಚ್ಚಿದಾಗ ಒಳಗಿನಿಂದ ಜೇಡಿಮಣ್ಣಿನ ಗೂಡು ಉದುರುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. ತೂತಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ತುದಿ ಹೊರಗೆ ಜೋತಾಡುವ ಹಾಗೆ ಬಿಡಿ. ತೆಗೆಯುವುದು ಮರೆಯಬಾರದಲ್ಲ.

ಸಾಗಿಸುವ ವಿಷಯಕ್ಕೆ ಬಂದರೆ, ಈ ಯಂತ್ರಗಳು ಇದ್ದಲ್ಲೇ ಇರುವಂಥವಲ್ಲ. ಸ್ವಂತ ವೀಡ್ ಕಟ್ಟರ್ ಇಟ್ಟುಕೊಂಡು ತೋಟದಿಂದ ತೋಟಕ್ಕೆ ಹೋಗಿ ಹುಲ್ಲು ಹೊಡೆದುಕೊಡುವ ಯುವಕರು ಪ್ರತಿ ಊರಲ್ಲೂ ಇದ್ದಾರೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎಂಜಿನ್, ಹೆಗಲಿನಾಚೆ ಚಾಚಿದ ಉದ್ದನೆಯ ದಂಡ, ತುದಿಯಲ್ಲಿ ಬಿಚ್ಚದೆ ಬಿಟ್ಟ ಬ್ಲೇಡ್, ಕಾಲ ಸಂದಿಯಲ್ಲಿ ಪೆಟ್ರೋಲ್ ಬಾಟಲಿ. ಕೆಲಸ ಮುಗಿದ ಕೂಡಲೇ ಹೊರಡುವುದರಿಂದ ಸೈಲೆನ್ಸರ್ ಇನ್ನೂ ಸುಡುತ್ತಿರುತ್ತದೆ. ತಿರುವಿನಲ್ಲಿ ಎದುರು ಬಂದ ಸೈಕಲ್ಲಿನವನಿಗೆ ಆ ಬ್ಲೇಡ್ ತಾಗುವುದಕ್ಕೆ ಎಷ್ಟು ಹೊತ್ತು? ಬ್ಲೇಡ್ ಬಿಚ್ಚಿ ಚೀಲಕ್ಕೆ ಹಾಕಲು ಎರಡೇ ನಿಮಿಷ. ಎರಡು ತುಂಡಾಗುವ ದಂಡದ ಯಂತ್ರಗಳು ಬಂದಿವೆ, ಊರೂರು ತಿರುಗುವವರು ಕೊಳ್ಳುವಾಗಲೇ ಅಂಥದ್ದನ್ನು ನೋಡುವುದು ಒಳ್ಳೆಯದು. ಚೈನ್ ಸಾ ಆದರೆ ಸರಪಳಿಯ ಮೇಲೆ ಕವರ್ ಇಲ್ಲದೆ ಮನೆಯಿಂದ ಹೊರಗೆ ತರಲೇಬಾರದು.

ಪಂಪು, ಜನರೇಟರ್, ಪೆಟ್ರೋಲ್ ಟಿಲ್ಲರುಗಳನ್ನು ಗೂಡ್ಸ್ ರಿಕ್ಷಾದಲ್ಲೋ ಪಿಕಪ್ಪಿನಲ್ಲೋ ಒಯ್ಯುವಾಗ ಜಾಗ ಉಳಿಸಲು ಮಗ್ಗುಲಾಗಿ ಮಲಗಿಸುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್ ತಪ್ಪು ಬದಿಗೆ ಮಲಗಿದರೆ ಕೆಳಗಿನ ಆಯಿಲ್ ಏರ್ ಫಿಲ್ಟರಿಗೂ ಸಿಲಿಂಡರಿನೊಳಗೂ ಹರಿಯುತ್ತದೆ. ಇಳಿಸಿದ ಮೇಲೆ ಹಗ್ಗ ಬಿಗಿಯಾಗಿ ಎಳೆಯಲು ಬಾರದಿದ್ದರೆ ಜೋರು ಮಾಡಬೇಡಿ, ಪ್ಲಗ್ ಬಿಚ್ಚಿ, ಒಳಗೆ ಸೇರಿದ ಆಯಿಲ್ ಹೊರಗೆ ಬರುವಂತೆ ಮೆಲ್ಲಗೆ ತಿರುಗಿಸಬೇಕು. ನೆಟ್ಟಗೆ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಎರಡೂ ಕಡೆಯಿಂದ ಹಗ್ಗ ಬಿಗಿದು ಒಯ್ಯುವುದೇ ಸರಿ. ಕಾಕ್ ತೆರೆದೇ ಇದ್ದರೆ ಘಟ್ಟದ ರಸ್ತೆಯ ಕುಲುಕಾಟಕ್ಕೆ ಕಾರ್ಬೊರೇಟರ್ ತುಂಬಿ ತುಳುಕುತ್ತದೆ.

ಕ್ಯಾನನ್ನು ಬಾಯಿತನಕ ತುಂಬಿಸಬಾರದು. ಬೆಳಗಿನ ತಂಪಿನಲ್ಲಿ ತುಂಬಿಸಿದ 20 ಲೀಟರ್ ಪೆಟ್ರೋಲ್, ಮಧ್ಯಾಹ್ನದ ಬಿಸಿಲಿಗೆ 15 ಡಿಗ್ರಿ ಕಾಯ್ದರೆ ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಕರಾವಳಿಯಿಂದ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಕ್ಯಾನ್ ಇನ್ನೂ ಉಬ್ಬುತ್ತದೆ. ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನು ವಾಹನದೊಳಗೇ ಇಟ್ಟು ತುಂಬಿಸದೆ ನೆಲಕ್ಕಿಳಿಸಿ, ನಾಜಲ್ ಕ್ಯಾನಿನ ಬಾಯಿಗೆ ತಾಗಿಸಿಯೇ ತುಂಬಿಸಬೇಕು. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ನೆಲಕ್ಕೆ ಇಳಿದುಹೋಗಲಿ ಎಂಬುದೇ ಇದರ ಉದ್ದೇಶ.

ಬಸ್ಸು, ರೈಲಿನಲ್ಲಿ ಪೆಟ್ರೋಲ್ ಇರುವ ಯಂತ್ರ ಒಯ್ಯುವ ಮಾತೇ ಬೇಡ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಅಪಾಯಕಾರಿ ವಸ್ತುಗಳನ್ನು ನಿಯಮ ಮೀರಿ ರೈಲಿನಲ್ಲಿ ಒಯ್ದರೆ ಮೂರು ವರ್ಷದವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೆಂಗಳೂರಿನಿಂದ ಬೈಕನ್ನು ಪಾರ್ಸೆಲ್ ಮಾಡುವ ವಿದ್ಯಾರ್ಥಿಗಳಿಗೆ ಈ ನಿಯಮ ಗೊತ್ತು. ಟ್ಯಾಂಕ್ ಖಾಲಿ ಮಾಡಿಯೇ ಪಾರ್ಸೆಲ್ ಆಫೀಸಿಗೆ ಒಯ್ಯಬೇಕು, ಗೋಣಿ, ರಟ್ಟು ಸುತ್ತಬೇಕು. ಬೈಕಿಗೆ ಅನ್ವಯಿಸುವ ಈ ಎಚ್ಚರ ಪಕ್ಕದ ಜಿಲ್ಲೆಯ ನೆಂಟರ ಮನೆಗೆ ಬಸ್ಸಿನ ಡಿಕ್ಕಿಯಲ್ಲಿ ವೀಡ್ ಕಟ್ಟರ್ ಕಳಿಸುವಾಗಲೂ ಇರಬೇಕು. ಡಿಕ್ಕಿಯ ಮೇಲೆ ಕುಳಿತಿರುವುದು ಐವತ್ತು ಜನ.

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬರಬೇಕು: ಇದರಲ್ಲಿ ಕಷ್ಟದ್ದು ಏನಿದೆ? ಏನೂ ಇಲ್ಲ. ಅರ್ಧ ಗಂಟೆಯ ಕೆಲಸ. ಹಾಗಿದ್ದೂ ಏಕೆ ಆಗುವುದಿಲ್ಲ ಎಂದರೆ, ಆ ಅರ್ಧ ಗಂಟೆ ಯಾರದ್ದೂ ಅಲ್ಲ. ಯಂತ್ರ ಕೊಂಡವರು ಅದನ್ನು ಹೆಗಲಿಗೆ ಹಾಕುವುದಿಲ್ಲ, ಹೆಗಲಿಗೆ ಹಾಕುವವರು ಅದನ್ನು ಕೊಂಡಿಲ್ಲ. ಕೂಲಿ ಲೆಕ್ಕ ಹುಲ್ಲು ಹೊಡೆದ ಹೊತ್ತಿಗೆ. ಐದು ಗಂಟೆಗೆ ಯಂತ್ರ ನಿಂತರೆ ಕೂಲಿಯೂ ನಿಂತಿತು. ಹೀಗಿರುವಾಗ ಕಾರ್ಬೊರೇಟರ್ ಒಣಗಿಸು, ರೆಕ್ಕೆ ಕೆರೆ, ಫಿಲ್ಟರ್ ತೊಳೆ ಎಂದು ಆಳಿನವನಿಗೆ ಹೇಳುವ ಹಕ್ಕು ಮಾಲೀಕರಿಗೆ ಎಲ್ಲಿಂದ ಬರುತ್ತದೆ? ಅಚ್ಚುಕಟ್ಟಾಗಿ ಯಂತ್ರ ಇಟ್ಟುಕೊಂಡಿರುವ ಕೆಲವು ಮನೆಗಳಲ್ಲಿ ನಾನು ಗಮನಿಸಿದ್ದು ಇದನ್ನೇ: ಅಲ್ಲಿ ಕೊನೆಯ ದಿನದ ಒಂದು ಗಂಟೆಗೆ ಬೇರೆ ಕೂಲಿ ಇದೆ. ‘ಮಷಿನ್ ಒಳಗಿಟ್ಟ ಮೇಲೆ ದಿನದ ಲೆಕ್ಕ’ ಎಂಬ ಒಪ್ಪಂದ. ಓಡಿಸುವವನಿಗೆ ಎಂಜಿನ್ನಿನ ಸದ್ದು, ನಡುಕ, ಎಲ್ಲಿ ನಟ್ಟು ಸಡಿಲ ಎಂಬುದೆಲ್ಲ ಮಾಲೀಕರಿಗಿಂತ ಚೆನ್ನಾಗಿ ಗೊತ್ತು. ಅವನ ಕೈಯಲ್ಲೇ ಈ ಕೆಲಸ ಆಗಬೇಕು, ಅದಕ್ಕೆ ಹಣವೂ ಸಿಗಬೇಕು.

ಯಂತ್ರ ಕೊಳ್ಳಲು ಸರ್ಕಾರದ ಸಹಾಯಧನವಿದೆ. 2014ರಲ್ಲಿ ರಾಜ್ಯದಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೂ ಯಂತ್ರಗಳು ಸಿಗುತ್ತವೆ. ಕೊಂಡ ಯಂತ್ರದ ಕೈಪಿಡಿ ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ, ಡಬ್ಬಿಯ ತಳದಲ್ಲಿ ಥರ್ಮಕೋಲಿನಡಿ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ನಡೆಸಿದಂಥ ಯಂತ್ರಮೇಳಗಳಿಗೆ ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ, ಹೊಸ ಯಂತ್ರ ಓಡಿಸಿ ತೋರಿಸುವಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರ ಪಕ್ಕದಲ್ಲೇ ಒಂದು ಮೇಜು ಹಾಕಿ, ಒಬ್ಬ ಒಳ್ಳೆಯ ಮೆಕ್ಯಾನಿಕ್ ಕೂರಿಸಿ, ಕಾರ್ಬೊರೇಟರ್ ಒಣಗಿಸುವುದನ್ನೂ ಪ್ಲಗ್ಗಿನ ತೂತಿಗೆ ಆಯಿಲ್ ಬಿಡುವುದನ್ನೂ ಬಂದವರ ಕೈಯಲ್ಲೇ ಮಾಡಿಸಬಹುದು. ಮಾರುವ ಅಂಗಡಿಯವರು ಬಿಲ್ಲಿನ ಜೊತೆ ಒಂದು ಪುಟದ ಕನ್ನಡ ಚೀಟಿ ಕೊಡಬಹುದು: ಈ ಯಂತ್ರಕ್ಕೆ ಎಥೆನಾಲ್ ಶೇಕಡಾ ಎಷ್ಟರವರೆಗೆ ಸರಿ, ಆಯಿಲ್ ಅಳತೆ ಎಷ್ಟು, ಇಡುವಾಗ ಯಾವ ಸ್ಕ್ರೂ ಬಿಚ್ಚಬೇಕು, ಯಾವ ಬದಿಗೆ ಮಲಗಿಸಬಾರದು. ಬಾಡಿಗೆ ಕೇಂದ್ರಗಳಲ್ಲಿ ಯಂತ್ರ ವಾಪಸು ಪಡೆಯುವ ಪುಸ್ತಕದಲ್ಲಿ ಗಂಟೆ ಮತ್ತು ಬಾಡಿಗೆಯ ಜೊತೆ ಇನ್ನೆರಡು ಕಾಲಂ ಇರಲಿ. ಒಂದು ಟ್ಯಾಂಕ್ ಬರಿದಾಗಿದೆಯೇ ಎಂಬುದಕ್ಕೆ, ಇನ್ನೊಂದು ಅದನ್ನು ಬರಿದು ಮಾಡಿದವರ ರುಜುವಿಗೆ.